ಸೈಟಿನ ಮೇಲೆ ಸುರಿಯದ ಮಳೆ

ಕಟ್ಟಡದ ಕೆಲಸ ತಡವಾದರೆ ಅದಕ್ಕೊಂದು ಕಾರಣ ಬೇಕು, ಆ ಕಾರಣ ಎದುರು ಮಾತನಾಡಬಾರದು. ಮೇಸ್ತ್ರಿಯ ಮೇಲೆ ಹೊರಿಸಿದರೆ ಮೇಸ್ತ್ರಿ ಬಾಯಿ ಮಾಡುತ್ತಾನೆ. ಇಟ್ಟಿಗೆಯವನ ಮೇಲೆ ಹೊರಿಸಿದರೆ ಅವನು ಮಾರನೆಯ ದಿನದಿಂದ ಇಟ್ಟಿಗೆ ಕಳಿಸುವುದಿಲ್ಲ. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತಾ ಬಂದರೆ ಕೊನೆಗೆ ಉಳಿಯುವುದು ಮಳೆ ಒಂದೇ. ಮಳೆಗೆ ಬಾಯಿಲ್ಲ, ಸಂಘವಿಲ್ಲ, ವಕೀಲನಾದ ಷಡ್ಡಕನಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಟ್ಟಲಾರದವರು ಆಕಾಶ ತೂತು ಅನ್ನುತ್ತಾರೆ.

ಆ ಶಾಲೆಯ ಕಟ್ಟಡವೂ ತಡವಾಗಿತ್ತು. ಮೂರು ಅಂತಸ್ತು ಎದ್ದಿರಬೇಕಾದ ಹೊತ್ತಿಗೆ ಒಂದೇ ಎದ್ದು, ಎರಡನೆಯದು ಏಳಲೋ ಬೇಡವೋ ಎಂದು ಕಂಬಿಗಳನ್ನು ಮೇಲಕ್ಕೆ ಚಾಚಿಕೊಂಡು ನಿಂತಿತ್ತು. ನಿಜವಾದ ಕಾರಣ ಸೈಟಿನಲ್ಲಿ ಎಲ್ಲರಿಗೂ ಗೊತ್ತು. ಮ್ಯಾನೇಜರು ಮೆಟ್ಟಿಲನ್ನು ಬಲಕ್ಕೆ ಕಟ್ಟಿಸಿದ್ದರು. ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದು ತಿಳಿದ ಮೇಲೆ ಒಡೆಸಿ ಎಡಕ್ಕೆ ಕಟ್ಟಿಸಿದರು. ಆಮೇಲೆ ಯಾರದೋ ಮಾತು ಕೇಳಿ ಮತ್ತೆ ಬಲಕ್ಕೆ ಕಟ್ಟಿಸಿ, ಮತ್ತೆ ಒಡೆಸಿದರು. ಆದರೆ ಗೊತ್ತಿರುವುದೆಲ್ಲ ಹೇಳುವಂಥದ್ದಲ್ಲ. ಈಗ ಶಾಲೆಯವರು ಕೇಳಿದ್ದರು, ತಡಕ್ಕೆ ಕಾರಣ ಕೊಡಿ, ಇಲ್ಲವಾದರೆ ಬೇರೆಯವರಿಗೆ ಕೆಲಸ ಕೊಡುತ್ತೇವೆ ಎಂದು. ಕರಾರಿನಲ್ಲಿ ಒಂದು ಮಾತಿತ್ತು: ಮಳೆಯಿಂದ ಕೆಲಸ ನಿಂತ ದಿನಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆದರೆ ಮಳೆ ಬಂದಿದ್ದಕ್ಕೆ ದಾಖಲೆ ಬೇಕು.

ಮ್ಯಾನೇಜರು ಎಲ್ಲರನ್ನೂ ಸೇರಿಸಿ, ಕಂಪನಿಯ ಸಾಫ್ಟ್‌ವೇರಿನಲ್ಲಿ ಸೈಟಿನ ಹವಾಮಾನವೆಲ್ಲ ದಾಖಲಾಗಿದೆಯಂತೆ, ಅದನ್ನು ತೆಗೆಯಲು ಯಾರಿಗೆ ಬರುತ್ತದೆ ಎಂದು ಕೇಳಿದರು. ಇಂಥ ಪ್ರಶ್ನೆ ಬಂದಾಗ ಬುದ್ಧಿವಂತರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ. ಅವತ್ತು ಎಲ್ಲರೂ ಚಪ್ಪಲಿ ನೋಡಿಕೊಂಡರು, ಸ್ಟೋರಣ್ಣನೊಬ್ಬನನ್ನು ಬಿಟ್ಟು.

"ನಂಗೆ ಗೊತ್ತು ಸಾರ್," ಎಂದ ಸ್ಟೋರಣ್ಣ.

ಸ್ಟೋರಣ್ಣ ಅಂದರೆ ಸೈಟಿನ ಸ್ಟೋರ್ ಕೀಪರ್. ತಗಡಿನ ಶೆಡ್ಡು, ಶೆಡ್ಡಿಗೊಂದು ಕಿಟಕಿ, ಕಿಟಕಿಯ ಹಿಂದೆ ಇವನು, ಇವನ ಹಿಂದೆ ಸಿಮೆಂಟು, ಮೊಳೆ, ಕಟ್ಟುವ ತಂತಿ, ಬಾಣಲಿ, ಸಲಿಕೆ. ಮ್ಯಾನೇಜರ ಸಹಿಯಿರುವ ಚೀಟಿ ತಂದವರಿಗೆ ಸಾಮಾನು ಕೊಡುವುದು, ತರದವರನ್ನು ವಾಪಸು ಕಳಿಸುವುದು ಅವನ ಕೆಲಸ. ಬಂದ ಸಿಮೆಂಟಿನ ಲೆಕ್ಕವನ್ನು ಒಂದೇ ಬೆರಳಿನಲ್ಲಿ ಕಂಪ್ಯೂಟರಿಗೆ ಕುಟ್ಟುತ್ತಿದ್ದ, ಅಷ್ಟೇ ಅವನ ಸಾಫ್ಟ್‌ವೇರ್ ವಿದ್ಯೆ. ಆದರೆ ಮನೆಯಲ್ಲೂ ಬೀದಿಯಲ್ಲೂ ಆ ಒಂದು ಬೆರಳು ಬೆಳೆದು 'ಕಂಪ್ಯೂಟರ್ ಸೆಕ್ಷನ್' ಆಗಿಬಿಟ್ಟಿತ್ತು.

ಮ್ಯಾನೇಜರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ತೆಗೆದುಕೊಟ್ರೆ ನಿಮ್ಮನ್ನ ಹೆಡ್ಡಾಫೀಸಿಗೆ ಹಾಕಿಸ್ತೀನಿ. ಫ್ಯಾನು, ಕುರ್ಚಿ ಎಲ್ಲಾ ಇರುತ್ತೆ. ತಪ್ಪಿದ್ರೆ ಮಾತ್ರ, ಗೊತ್ತಿಲ್ಲದೆ ಗೊತ್ತು ಅನ್ನೋರು ಈ ಸ್ಟೋರಿಗೂ ಬೇಡ."

ಸಂಜೆ ಈ ಮಾತನ್ನು ಅವನು ಹೆಂಡತಿಗೆ ಅರ್ಧ ಹೇಳಿದ, ಫ್ಯಾನು ಮತ್ತು ಕುರ್ಚಿಯ ಅರ್ಧ. ಅವಳು ಅದನ್ನು ಮೇಲಿನ ಮನೆಯ ಆಂಟಿಗೆ ಹೇಳಿದಳು. ಆಂಟಿ ಮೆಟ್ಟಿಲಿಳಿದು ಗೇಟು ತಲುಪುವ ಹೊತ್ತಿಗೆ ಸ್ಟೋರಣ್ಣನಿಗೆ ಹವಾಮಾನ ಇಲಾಖೆಯಲ್ಲಿ ಕೆಲಸವಾಗಿತ್ತು. ಬೆಳಗ್ಗೆ ಆಂಟಿ ಬಾಗಿಲಿಗೇ ಬಂದು, ಹಾಸಿಗೆ ಒಣಗಿಸಬೇಕು, ನಾಳೆ ಮಳೆ ಇದೆಯೋ ಇಲ್ಲವೋ ನೋಡಿ ಹೇಳಬೇಕು ಅಂದರು. ಸ್ಟೋರಣ್ಣ ಗಂಭೀರವಾಗಿ, ತಾನು ತೆಗೆಯುವುದು ಬಂದುಹೋದ ಮಳೆ ಮಾತ್ರ, ಬರುವ ಮಳೆಯಲ್ಲ ಎಂದು ವಿವರಿಸಿದ.

"ಬಂದುಹೋದ ಮಳೆ ನಂಗೂ ಗೊತ್ತಪ್ಪ. ನೆನೆದಿದ್ದು ನಾನೇ," ಅಂದರು ಆಂಟಿ. ಅವರಿಗೆ ಇಲಾಖೆಯ ಮೇಲಿದ್ದ ಗೌರವ ಅಲ್ಲಿಗೆ ಅರ್ಧ ಇಳಿಯಿತು.

ಹೆಡ್ಡಾಫೀಸಿನ ಕಂಪ್ಯೂಟರಿನವನು ಫೋನಿನಲ್ಲಿ ದಾರಿ ಹೇಳಿದ. ಪ್ರತಿ ಪ್ರಾಜೆಕ್ಟು ಎಲ್ಲಿದೆ ಎಂದು ನೋಡಿಕೊಂಡು, ಅಲ್ಲಿನ ಅಂದಂದಿನ ಹವಾಮಾನವನ್ನು ಸಾಫ್ಟ್‌ವೇರು ತಾನೇ ತರಿಸಿ ಇಟ್ಟುಕೊಳ್ಳುತ್ತದಂತೆ. ಅದನ್ನು ಹೊರಗೆ ತೆಗೆಯಲು ಎಪಿಐ ಅಂತ ಒಂದಿದೆಯಂತೆ. ಸ್ಟೋರಣ್ಣ ಹೂಂ ಅಂದ. ಆ ಹೂಂ ಎಷ್ಟು ಟೊಳ್ಳು ಎಂಬುದು ಆಚೆ ಕಡೆಗೂ ಕೇಳಿಸಿರಬೇಕು.

"ಅದೊಂದು ಕಿಟಕಿ ಅಂದ್ಕೊಳ್ಳಿ ಬಾಸ್," ಎಂದ ಕಂಪ್ಯೂಟರಿನವನು. "ಯಾವ ಪ್ರಾಜೆಕ್ಟು, ಯಾವತ್ತಿಂದ ಯಾವತ್ತಿನವರೆಗೆ ಅಂತ ಚೀಟಿ ಬರೆದು ಒಳಗೆ ಕೊಡ್ಬೇಕು. ಸರಿ ಇದ್ರೆ ಮಾಲು ಬರುತ್ತೆ. ತಪ್ಪಿದ್ರೆ ಚೀಟಿ ವಾಪಸ್."

ಸ್ಟೋರಣ್ಣನಿಗೆ ಕಣ್ಣು ಬಿಟ್ಟಂತಾಯಿತು. ಇದು ತನ್ನದೇ ಕೆಲಸ, ಕಿಟಕಿಯ ಆ ಬದಿಗೆ ಬೇರೆ ಯಾರೋ ಕೂತಿದ್ದಾರೆ, ಅಷ್ಟೇ ವ್ಯತ್ಯಾಸ. ಧೈರ್ಯವಾಗಿ ಮೊದಲ ಚೀಟಿ ಕುಟ್ಟಿದ. ನಿಮಗೆ ಅನುಮತಿಯಿಲ್ಲ ಎಂದು ಉತ್ತರ ಬಂತು. ಮ್ಯಾನೇಜರ ಪಾಸ್‌ವರ್ಡು ಕೇಳಿ ತಂದು ಮತ್ತೆ ಕುಟ್ಟಿದ. ದಿನಾಂಕ ಸರಿಯಿಲ್ಲ, ವರ್ಷ ಮೊದಲು ಬರೆಯಬೇಕು ಎಂದು ಬಂತು. ವರ್ಷ ಮೊದಲು ಬರೆದ. ಈ ಸಲ ಏನೂ ಬರಲಿಲ್ಲ. ನೋಡಿದರೆ ಕೊನೆಯ ದಿನವನ್ನು ಮೊದಲಿಗೂ ಮೊದಲ ದಿನವನ್ನು ಕೊನೆಗೂ ಬರೆದಿದ್ದ. ಬೇರೆಯವರಾಗಿದ್ದರೆ ಕಂಪ್ಯೂಟರಿನ ವಂಶಕ್ಕೆಲ್ಲ ಬೈಯುತ್ತಿದ್ದರು. ಸ್ಟೋರಣ್ಣನಿಗೆ ಮಾತ್ರ ಗೌರವ ಹುಟ್ಟಿತು. ಸಹಿ ಸರಿಯಿಲ್ಲ ಎಂದು ಒಂದು ಹಿಡಿ ಮೊಳೆಗೆ ಮೇಸ್ತ್ರಿಯನ್ನು ಬಿಸಿಲಿನಲ್ಲಿ ಅಲೆಸಿದವನು ಅವನು. ಕಿಟಕಿಯ ಆಚೆ ಕೂತವನೂ ನಿಯತ್ತಿನ ಮನುಷ್ಯನೇ ಅನ್ನಿಸಿತು.

ಕಡೆಗೆ ಮಾಲು ಬಂತು. ಪುಟ ಪುಟ ಮಳೆ. ಭಾರಿ ಮಳೆ, ಗುಡುಗು ಸಹಿತ ಮಳೆ, ಬಿರುಗಾಳಿ, ಒಂದು ದಿನವಂತೂ ಆಲಿಕಲ್ಲು. ಇಷ್ಟೊಂದು ಬಂದಿತ್ತೇ ಎಂದು ಅವನಿಗೆ ಒಂದು ಗಳಿಗೆ ಅನುಮಾನವಾಯಿತು. ಆದರೆ ಚೀಟಿ ಸರಿಯಿದ್ದು ಕಿಟಕಿಯಿಂದ ಬಂದ ಮಾಲನ್ನು ಅನುಮಾನಿಸುವುದು ಸ್ಟೋರಿನ ಧರ್ಮವಲ್ಲ. ಪ್ರಿಂಟು ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟ. ಅವರು ಓದುತ್ತಾ ಓದುತ್ತಾ, ಇಷ್ಟು ಬಂದಿತ್ತಾ ಎಂದು ಗೊಣಗಿದರು. ಆಮೇಲೆ ಪುಟ ತಿರುವಿ, "ಬಂದಿತ್ತು," ಅಂದರು.

ಅವತ್ತಿನಿಂದ ಸೈಟಿನವರಿಗೆಲ್ಲ ಮಳೆ ನೆನಪಾಗತೊಡಗಿತು. ಮೊದಲು ನೆನಪಾಗಿದ್ದು ವಾಚ್‌ಮನ್ ತಾತನಿಗೆ. ಮರಳಿನ ರಾಶಿ ನೀರಿನಲ್ಲಿ ತೇಲಿ ಗೇಟು ದಾಟಿದ್ದನ್ನೂ, ತಾನು ಸಲಿಕೆ ಹಿಡಿದು ಅದರ ಹಿಂದೆ ದೊಡ್ಡ ರಸ್ತೆಯವರೆಗೆ ಓಡಿದ್ದನ್ನೂ ಅವನು ಟೀ ಕುಡಿಯುತ್ತಾ ವರ್ಣಿಸಿದ. ಮೇಸ್ತ್ರಿಗೆ ಆಲಿಕಲ್ಲು ನೆನಪಾಯಿತು. ಒಂದು ಕಲ್ಲು ನೇರವಾಗಿ ಅವನ ಹೆಲ್ಮೆಟ್ಟಿನ ಮೇಲೆ ಬಿದ್ದು ತಲೆ ಊದಿತ್ತಂತೆ. ಹೆಲ್ಮೆಟ್ಟಿನ ಮೇಲೆ ಬಿದ್ದರೆ ತಲೆ ಹೇಗೆ ಊದಿತು ಎಂದು ಯಾರೂ ಕೇಳಲಿಲ್ಲ, ಬದಲಿಗೆ ಎಲ್ಲರೂ ಸರದಿಯ ಮೇಲೆ ಆ ಊತ ಮುಟ್ಟಿ ನೋಡಿದರು. ಹೆಚ್ಚು ನೆನೆದವರು ಯಾರು ಎಂಬುದರ ಮೇಲೆ ತಾತನಿಗೂ ಮೇಸ್ತ್ರಿಗೂ ಮಾತು ಬೆಳೆದು, ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡತೊಡಗಿದರು. ಅಂಥ ಮಳೆಯಲ್ಲೂ ಸ್ಟೋರಿನ ಒಂದು ಮೂಟೆ ಸಿಮೆಂಟೂ ಗಟ್ಟಿಯಾಗಿರಲಿಲ್ಲ. ಮ್ಯಾನೇಜರು ಅದನ್ನು ಸ್ಟೋರಣ್ಣನ ಕಾಳಜಿಯೆಂದು ಎಲ್ಲರ ಮುಂದೆ ಹೊಗಳಿದರು. ಸ್ಟೋರಣ್ಣ ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಸ್ವೀಕರಿಸಿದ.

ಭಾನುವಾರ ಮನೆಯಲ್ಲಿ ಹೆಂಡತಿ ಅವನು ತಂದಿದ್ದ ಆ ಕಾಗದಗಳ ಪ್ರತಿಯನ್ನು ತಿರುವಿಹಾಕುತ್ತಿದ್ದಳು. ಗಂಡನನ್ನು ಹೆಡ್ಡಾಫೀಸಿಗೆ ಕರೆದೊಯ್ಯುವ ಕಾಗದ ಹೇಗಿರುತ್ತದೆ ಎಂದು ನೋಡುವ ಆಸೆ. ಒಂದು ಕಡೆ ಅವಳ ಬೆರಳು ನಿಂತಿತು.

"ಈ ದಿನ ಆಲಿಕಲ್ಲು ಬಿತ್ತಾ? ಇದು ನನ್ನ ಹುಟ್ಟಿದ ದಿನ ರೀ. ಅವತ್ತೇ ಅಮ್ಮನ ಮನೆ ಬಚ್ಚಲಿನ ಶೀಟು ಹಾರಿಹೋಗಿದ್ದು. ನಂಗೆ ಒಳ್ಳೇದಾಗ್ಲಿ ಅನ್ನೋಕೆ ಫೋನ್ ಮಾಡಿ, ಅದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಹೇಳಿದ್ಲು."

ಅವಳ ತಾಯಿಯ ಊರು ಗುಡ್ಡದ ಆಚೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಕುತೂಹಲಕ್ಕೆ ಅವಳು ತಾಯಿಗೆ ಫೋನು ಹಚ್ಚಿ ಉಳಿದ ದಿನಗಳನ್ನೂ ಕೇಳಿದಳು. ಅತ್ತೆಯ ನೆನಪು ಕಲ್ಲಿನಲ್ಲಿ ಕೊರೆದದ್ದು. ಈ ದಿನ ಬಟ್ಟೆ ಒಣಹಾಕುವ ಹಗ್ಗ ಕಿತ್ತುಹೋಯಿತು, ಆ ದಿನ ಬಾಡಿಗೆಯವನ ಸ್ಕೂಟರು ಬಿದ್ದು ಕನ್ನಡಿ ಒಡೆಯಿತು ಎಂದು ಒಂದೊಂದಾಗಿ ಹೇಳುತ್ತಾ ಹೋದರು. ಕಾಗದದ ಮಳೆಯೂ ಅತ್ತೆಯ ಮಳೆಯೂ ಒಂದು ಹನಿ ಹೆಚ್ಚುಕಡಿಮೆಯಿಲ್ಲದೆ ತಾಳೆಯಾದವು. ಎಂಥ ಕಾಕತಾಳೀಯ ನೋಡಿ ಎಂದು ಹೆಂಡತಿ ಬೆರಗಾದಳು. ಸ್ಟೋರಣ್ಣನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು.

ಅವನಿಗೆ ಎಲ್ಲ ನೆನಪಾಗಿತ್ತು. ಹೋದ ವರ್ಷ ಅತ್ತೆಯ ಮನೆಯ ನೀರಿನ ಟ್ಯಾಂಕು ಸೋರುತ್ತಿತ್ತು. ರಜೆ ಕೇಳಿದರೆ ಮ್ಯಾನೇಜರು ಕೊಡುವವರಲ್ಲ. ಆದ್ದರಿಂದ ಸ್ಟೋರಿಗೆ ಬೀಗ ಜಡಿದು, ರಜೆಯಿಲ್ಲ ಎಂಬುದನ್ನು ಹೆಂಡತಿಗೂ ಹೇಳದೆ, ಸದ್ದಿಲ್ಲದೆ ಹೋಗಿಬಂದಿದ್ದ. ಅಲ್ಲಿ ಟ್ಯಾಂಕಿನೊಳಗೆ ಕೈ ಹಾಕಿರುವಾಗಲೇ ಹೆಡ್ಡಾಫೀಸಿನಿಂದ ಫೋನು ಬಂದಿತ್ತು: ಸಾಫ್ಟ್‌ವೇರಿನಲ್ಲಿ ಹೊಸ ಪ್ರಾಜೆಕ್ಟು ತೆರೆಯುತ್ತಿದ್ದೇವೆ, ಮ್ಯಾನೇಜರು ಸಿಗುತ್ತಿಲ್ಲ, ನೀವು ಸೈಟಿನಲ್ಲಿದ್ದೀರಾ? ಸೈಟಲ್ಲೇ ಇದ್ದೀನಿ ಎಂದಿದ್ದ. ಹಾಗಾದರೆ ಫೋನಿನಲ್ಲಿ 'ಈಗಿರುವ ಜಾಗ' ಎಂಬ ಗುಂಡಿ ಒತ್ತಿ ಅಂದಿದ್ದರು. ಒತ್ತಿದ್ದ. ಅಂದಿನಿಂದ ಇಂದಿನವರೆಗೆ, ಸಾಫ್ಟ್‌ವೇರಿನ ಪ್ರಕಾರ, ಮೂರು ಅಂತಸ್ತಿನ ಶಾಲೆ ಏಳುತ್ತಿದ್ದದ್ದು ಅತ್ತೆಯ ಹಿತ್ತಲಿನಲ್ಲಿ.

ಸೋಮವಾರ ಬೆಳಗ್ಗೆಯೇ ಮ್ಯಾನೇಜರ ಮುಂದೆ ನಿಂತ. ಮಳೆ ಎಲ್ಲಿಯದು ಎಂದು ಹೇಳಿದರೆ, ತಾನು ಎಲ್ಲಿದ್ದೆ ಎಂದೂ ಹೇಳಬೇಕು; ಅದನ್ನು ಹೇಳಿದರೆ ಹೆಡ್ಡಾಫೀಸು ಹಾಗಿರಲಿ, ಸ್ಟೋರಿನ ಬೀಗದಕೈಯೂ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಕೊನೆಗೆ, ಇದೇ ದಿನಗಳಲ್ಲಿ ನಮ್ಮ ಅತ್ತೆಯ ಊರಿನಲ್ಲೂ ಇದೇ ಮಳೆ ಬಂದಿದೆಯಂತೆ ಸಾರ್ ಎಂದಷ್ಟೇ ಹೇಳಿದ. ಮ್ಯಾನೇಜರ ಮುಖ ಅರಳಿತು. ನಮ್ಮ ಮಳೆಗೆ ಊರಾಚೆಯ ಸಾಕ್ಷಿಯೂ ಸಿಕ್ಕಿತು, ಬೇಕಾದರೆ ನಿಮ್ಮ ಅತ್ತೆಯನ್ನೂ ಕರೆಸೋಣ ಎಂದು ಬೆನ್ನು ತಟ್ಟಿ ಕಳಿಸಿದರು.

ಅದೇ ವಾರ ಶಾಲೆಯವರ ಕಡೆಯಿಂದ ಎಂಜಿನಿಯರಮ್ಮ ತಪಾಸಣೆಗೆ ಬಂದರು. ಸೈಟಿನ ಕುರ್ಚಿಗಳ ಮೇಲೆ ಅವರಿಗೆ ನಂಬಿಕೆಯಿಲ್ಲ; ಕಾರಿನಿಂದ ತಮ್ಮದೇ ಮಡಿಸುವ ಕುರ್ಚಿ ತೆಗೆದು ಸ್ಟೋರಿನ ಶೆಡ್ಡಿನಲ್ಲಿ ಬಿಡಿಸಿ ಕೂತರು. ಕಾಗದ ಓದಿದರು. ಸಾಕ್ಷಿಗಳನ್ನು ಕೇಳಿದರು. ತಾತನ ಮರಳು ಈ ಸಲ ದೊಡ್ಡ ರಸ್ತೆಯನ್ನೂ ದಾಟಿ ಸೇತುವೆಯ ಹತ್ತಿರ ಹೋಯಿತು. ಮೇಸ್ತ್ರಿ ಹೆಲ್ಮೆಟ್ಟು ತೆಗೆದು ತಲೆ ಬಗ್ಗಿಸಿದ. ಎಂಜಿನಿಯರಮ್ಮ ಯಾವುದಕ್ಕೂ ತಲೆ ಅಲ್ಲಾಡಿಸಲಿಲ್ಲ, ಏನನ್ನೂ ಬರೆದುಕೊಳ್ಳಲಿಲ್ಲ.

ಬೆಳಗಿನಿಂದ ಕಪ್ಪಾಗಿದ್ದ ಆಕಾಶ ಆಗ ಒಡೆಯಿತು. ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿರುವವರ ಮಾತೂ ಕೇಳಿಸುವುದಿಲ್ಲ. ಎಂಜಿನಿಯರಮ್ಮ ಕೂಗಲಿಲ್ಲ, ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು. ಇವತ್ತಿನದು, ಈ ಹೊತ್ತಿನದು ತೆಗೆಯಿರಿ ಎಂಬ ಅರ್ಥ. ಸ್ಟೋರಣ್ಣ ಚೀಟಿ ಕುಟ್ಟಿದ. ತಪ್ಪಾಗಲಿ ಎಂದು ಹಾರೈಸುತ್ತಲೇ ಕುಟ್ಟಿದ, ಆದರೆ ಹಾಳು ಚೀಟಿ ಒಂದೇ ಸಲಕ್ಕೆ ಸರಿಹೋಯಿತು. ಎಂಜಿನಿಯರಮ್ಮ ಬಗ್ಗಿ ಓದಿದರು. "ಶುಭ್ರ ಆಕಾಶ. ಮಳೆ ಇಲ್ಲ."

ತಗಡಿನ ತೂತಿನಿಂದ ಒಂದು ಹನಿ ಅವರ ತೋಳಿನ ಮೇಲೆ ಬಿತ್ತು.

"ಇದು ಮಳೆ ಅಲ್ಲ ಮೇಡಂ," ಅಂದರು ಮ್ಯಾನೇಜರು. "ಹೊಸ ಕಾಂಕ್ರೀಟಿಗೆ ಪೈಪಲ್ಲಿ ನೀರು ಬಿಡ್ತಿದ್ದಾರೆ."

ಶೆಡ್ಡಿನ ಮೇಲೆ ಕಾಂಕ್ರೀಟು ಇರಲಿಲ್ಲ. ಗುಡುಗಿತು. ಅದು ಜಲ್ಲಿ ಲಾರಿ ಎಂದರು ಮ್ಯಾನೇಜರು. ಗೇಟು ಹಾಕಲು ಹೋಗಿದ್ದ ವಾಚ್‌ಮನ್ ತಾತ ಅಡಿಯಿಂದ ಮುಡಿಯವರೆಗೆ ತೊಯ್ದು ಒಳಗೆ ಬಂದ. ಎಂಜಿನಿಯರಮ್ಮ ಅವನನ್ನು ನೋಡಿದರು, ಅವನು ಮ್ಯಾನೇಜರನ್ನು ನೋಡಿದ, ಆಮೇಲೆ ಬೆವರು ಎಂದ. ಈಚೆಗೆ ಸೆಕೆ ಜಾಸ್ತಿ ಎಂದು ಮೇಸ್ತ್ರಿ ಜಗಳ ಮರೆತು ದನಿಗೂಡಿಸಿದ. ಬಾರದ ಮಳೆಯನ್ನು ಕಣ್ಣಾರೆ ಕಂಡವರಿಗೆ ಬಂದ ಮಳೆ ಕಾಣಿಸದಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಆ ಶೆಡ್ಡಿನಲ್ಲಿ ಹುಣ್ಣೂ ಇತ್ತು, ಕನ್ನಡಿಯೂ ಇತ್ತು, ಎಲ್ಲರೂ ಕನ್ನಡಿಯನ್ನೇ ಹಿಡಿದು ನಿಂತಿದ್ದರು.

ಎಂಜಿನಿಯರಮ್ಮ ಸ್ಟೋರಣ್ಣನ ಕಡೆ ತಿರುಗಿದರು. "ನೀವು ಹೇಳಿ. ಹೊರಗೆ ಮಳೆ ಬರ್ತಿದೆಯಾ, ಇಲ್ವಾ?"

ಇಲ್ಲ ಎಂದರೆ ಫ್ಯಾನು, ಕುರ್ಚಿ. ಹೌದು ಎಂದರೆ ಬೀದಿ. ಮ್ಯಾನೇಜರು ಕಣ್ಣಲ್ಲೇ ಇಲ್ಲ ಅನ್ನು ಎನ್ನುತ್ತಿದ್ದರು. ಸ್ಟೋರಣ್ಣನೂ ಹಾಗೇ ಅನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಕಿಟಕಿಯ ಪಕ್ಕಕ್ಕೆ ಹೋಯಿತು. ಅಲ್ಲಿ ಬೆಳಗ್ಗೆ ತಾನೇ ಇಳಿಸಿದ್ದ ಹೊಸ ಮೂಟೆಗಳ ಮೇಲೆ ಎರಚಲು ಹೊಡೆಯುತ್ತಿತ್ತು. ಎಂಥ ಸುಳ್ಳನ್ನಾದರೂ ನುಂಗುವ ಜೀವ ಅದು, ಆದರೆ ನೆನೆಯುತ್ತಿರುವ ಸಿಮೆಂಟನ್ನು ನೋಡಿಕೊಂಡು ಸುಮ್ಮನಿರುವುದು ಅವನಿಂದ ಆಗಲಿಲ್ಲ.

"ಬರ್ತಿದೆ ಮೇಡಂ. ಸಿಮೆಂಟು ನೆನೀತಿದೆ. ಟಾರ್ಪಾಲಿನ ಆ ತುದಿ ಹಿಡ್ಕೊಳ್ಳಿ."

ಎಂಜಿನಿಯರಮ್ಮ ಎದ್ದು ಆ ತುದಿ ಹಿಡಿದುಕೊಂಡರು. ಮೂಟೆಗಳಿಗೆ ಹೊದಿಕೆ ಎಳೆಯುತ್ತಾ ಸ್ಟೋರಣ್ಣ ಎಲ್ಲ ಹೇಳಿಬಿಟ್ಟ: ಟ್ಯಾಂಕು, ಫೋನು, ಒತ್ತಿದ ಗುಂಡಿ, ಆ ಮಳೆಯೆಲ್ಲ ಅತ್ತೆಯದು ಎಂಬುದು. ಮ್ಯಾನೇಜರು, ಇವನಿಗೆ ತಲೆ ಕೆಟ್ಟಿದೆ ಮೇಡಂ ಎಂದರು. ಎಂಜಿನಿಯರಮ್ಮ ಅತ್ತೆಗೆ ಫೋನು ಮಾಡಿಸಿ, ಎಲ್ಲರಿಗೂ ಕೇಳುವಂತೆ ಇಡಿಸಿ, ಈಗ ನಿಮ್ಮಲ್ಲಿ ಮಳೆಯಿದೆಯೇ ಎಂದು ಕೇಳಿದರು. ಇಲ್ಲ, ಸುಡುಸುಡು ಬಿಸಿಲು ಎಂದರು ಅತ್ತೆ. ಹೋದ ವರ್ಷ ಅಳಿಯ ಬಂದಿದ್ದರೇ?

"ಬಂದಿದ್ರು, ಟ್ಯಾಂಕ್ ಸರಿ ಮಾಡೋಕೆ," ಎಂದಿತು ಅತ್ತೆಯ ದನಿ. "ಮಧ್ಯೆ ಯಾರದೋ ಫೋನ್ ಬಂತು. ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತ್ಕೊಂಡು, ಸೈಟಲ್ಲೇ ಇದ್ದೀನಿ ಸಾರ್ ಅಂದ್ರು. ಸುಳ್ಳು ಹೇಳಿ ಅಭ್ಯಾಸ ಇಲ್ಲ ನೋಡಿ, ಪಾಪ, ಪೂರ್ತಿ ಬೆವೆತುಹೋದ್ರು."

ಸ್ಟೋರಣ್ಣ ಇಂಗು ತಿಂದ ಮಂಗನಂತೆ ನಿಂತ.

ತೀರ್ಪು ಅಲ್ಲೇ ಆಯಿತು. ಈ ಮಳೆ ನಡೆಯುವುದಿಲ್ಲ. ಮೆಟ್ಟಿಲಿನ ಕಥೆಯನ್ನು ಇದ್ದದ್ದು ಇದ್ದಂತೆ ಬರೆದುಕೊಟ್ಟರೆ ಒಂದಿಷ್ಟು ಕಾಲಾವಕಾಶ ಕೊಡಿಸಬಹುದು, ನೀವು ಒಡೆದ ಗುರುತು ಗೋಡೆಯ ಮೇಲೆ ಹಾಗೇ ಇದೆ ಎಂದರು ಎಂಜಿನಿಯರಮ್ಮ. ಮ್ಯಾನೇಜರು ತಮ್ಮ ಸಿಟ್ಟನ್ನೆಲ್ಲ ಸ್ಟೋರಣ್ಣನ ಮೇಲೆ ತಿರುಗಿಸಿ, ನಾಳೆಯಿಂದ ಬರುವುದು ಬೇಡ ಎಂದರು. ಎಂಜಿನಿಯರಮ್ಮ ಕುರ್ಚಿ ಮಡಿಸುತ್ತಾ ತಡೆದರು.

"ಈ ಶೆಡ್ಡಲ್ಲಿ ಮಳೆ ಕಂಡೋರು ಇವರೊಬ್ಬರೇ. ಇನ್ಮೇಲೆ ಸೈಟಿನ ಹವಾಮಾನ ಇವರೇ ಹೊರಗೆ ನಿಂತು ನೋಡಿ ಬರೀಲಿ. ಇವರ ಸಹಿ ಇಲ್ದಿದ್ರೆ ನಾನು ಒಪ್ಪಲ್ಲ."

ಹೀಗೆ ಹೆಡ್ಡಾಫೀಸು ತಪ್ಪಿ ಸ್ಟೋರು ಉಳಿಯಿತು. ಮನೆಗೆ ಬಂದು ಹೆಂಡತಿಯ ಮುಂದೆ ಈ ಸಲ ಪೂರ್ತಿ ಹೇಳಿದ. ಅವಳು ಹೆಡ್ಡಾಫೀಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮ ಕಡೆಯವರು ಅಂದರೆ ನಿಮಗೆ ಅಷ್ಟಕ್ಕಷ್ಟೇ ಎಂದು ಮದುವೆಯಾದಂದಿನಿಂದ ಹೇಳುತ್ತಾ ಬಂದವಳು, ತನ್ನ ತಾಯಿಯ ಟ್ಯಾಂಕಿಗಾಗಿ ಈ ಮನುಷ್ಯ ಕೆಲಸವನ್ನೇ ಪಣಕ್ಕಿಟ್ಟಿದ್ದ ಎಂದು ತಿಳಿದು, ಕೇಳದೆಯೇ ಎರಡನೆಯ ಲೋಟ ಕಾಫಿ ತಂದಿಟ್ಟಳು. ಅವರ ಸಂಸಾರದಲ್ಲಿ ಅಂಥ ಉಪಚಾರ ಅದೇ ಮೊದಲು. ಸ್ಟೋರಣ್ಣನಿಗೆ ಅದು ಹಿತವಾಗಿಯೂ ಇತ್ತು, ಸ್ವಲ್ಪ ಭಯವಾಗಿಯೂ ಇತ್ತು.

ಸಾಫ್ಟ್‌ವೇರಿನಲ್ಲಿ ಜಾಗ ಬದಲಿಸಲು ಬರುವುದಿಲ್ಲ, ಶಾಲೆಗೆ ಹೊಸದಾಗಿ ಇನ್ನೊಂದು ಪ್ರಾಜೆಕ್ಟು ತೆರೆದು ಹಳೆಯದನ್ನು ಅಳಿಸಬೇಕು ಎಂದ ಕಂಪ್ಯೂಟರಿನವನು. ಹೊಸದು ತೆರೆದರು. ಹಳೆಯದನ್ನು ಅಳಿಸುವ ಸುದ್ದಿ ಮಗಳಿಂದ ಅತ್ತೆಗೆ ಮುಟ್ಟಿತು. ಅತ್ತೆ ನೇರವಾಗಿ ಸ್ಟೋರಿಗೇ ಫೋನು ಮಾಡಿದರು.

"ಅಳಿಸ್ಬೇಡಿ ಅಳಿಯಂದ್ರೇ. ಈ ಊರಲ್ಲಿ ಇಷ್ಟು ಮಳೆ ಬೀಳುತ್ತೆ, ಯಾರಾದ್ರೂ ಒಬ್ಬರು ಕೇಳ್ತಾರಾ? ಅದೊಂದಾದ್ರೂ ಬರ್ಕೊಳ್ತಿದೆಯಲ್ಲ. ಇರ್ಲಿ ಬಿಡಿ."

ಅತ್ತೆ ಬಾಯಿ ಬಿಟ್ಟು ಕೇಳಿದ್ದು ಟ್ಯಾಂಕು ಬಿಟ್ಟರೆ ಇದೊಂದೇ. ಸ್ಟೋರಣ್ಣ ಕಂಪ್ಯೂಟರಿನವನ ಕೈಕಾಲು ಹಿಡಿದು ಅದನ್ನು ಉಳಿಸಿಕೊಂಡ. ಹಾಗಾಗಿ ಆ ಕಂಪನಿಯ ಪಟ್ಟಿಯಲ್ಲಿ ಇವತ್ತಿಗೂ ಒಂದು ಪ್ರಾಜೆಕ್ಟು ನಡೆಯುತ್ತಲೇ ಇದೆ. ಅದಕ್ಕೆ ಪಾಯವಿಲ್ಲ, ಇಟ್ಟಿಗೆಯಿಲ್ಲ, ಮೇಸ್ತ್ರಿಯಿಲ್ಲ. ಆಗಾಗ ಹೆಡ್ಡಾಫೀಸಿನಲ್ಲಿ ಹೊಸಬರು ಯಾರಾದರೂ ಬಂದು ಪಟ್ಟಿ ನೋಡಿ, ಈ ಕೆಲಸ ಯಾಕೆ ಒಂದು ಇಂಚೂ ಮೇಲೇಳಲಿಲ್ಲ ಎಂದು ಕೇಳಿ ಕಳಿಸುತ್ತಾರೆ. ಸ್ಟೋರಣ್ಣ ಅತ್ತೆಗೆ ಫೋನು ಮಾಡಿ ಒಮ್ಮೆ ಖಚಿತಪಡಿಸಿಕೊಂಡು, ಅಲ್ಲಿ ವಿಪರೀತ ಮಳೆ ಎಂದು ಉತ್ತರ ಕಳಿಸುತ್ತಾನೆ.